ಮಲೆನಾಡಿಗೆ ಏನು ಬೇಕು ಅಂತ ಹೊರಟಿದ್ದೀರಿ? ಜಾಗ ಆರಿಸುವವರಿಗೆ ಒಂದು ಹೋಲಿಕೆ

ಜೂನ್ ತಿಂಗಳ ಮಳೆ ಹಿಡಿಯುತ್ತಿದ್ದಂತೆ ಶಿವಮೊಗ್ಗದ ಮನೆಗಳಿಗೆ ಬೆಂಗಳೂರಿನ ನೆಂಟರ ಫೋನ್ ಶುರುವಾಗುತ್ತದೆ. "ಶನಿವಾರ, ಭಾನುವಾರ ಎರಡು ದಿನ ಇದೆ. ಜೋಗ, ಸಿಗಂದೂರು, ಕೊಡಚಾದ್ರಿ, ಆಗುಂಬೆ, ಶೃಂಗೇರಿ ಎಲ್ಲ ನೋಡಬಹುದಾ?"

ಸುತ್ತಬಹುದು, ನಿಜ. ಆದರೆ ಆ ಎರಡು ದಿನದ ಹೆಚ್ಚಿನ ಪಾಲು ಕಾರಿನಲ್ಲೇ ಹೋಗುತ್ತದೆ. ಶಿವಮೊಗ್ಗದಿಂದ ಜೋಗಕ್ಕೆ ಸುಮಾರು 100 ಕಿಲೋಮೀಟರ್. ಆಗುಂಬೆಗೆ ಹತ್ತಿರ ಹತ್ತಿರ 90. ಎರಡೂ ಬೇರೆ ಬೇರೆ ದಿಕ್ಕು. ಸಾಗರದ ಕಡೆ ಹೋಗುವ ದಾರಿ ಒಂದು, ತೀರ್ಥಹಳ್ಳಿ ಕಡೆ ಹೋಗುವ ದಾರಿ ಇನ್ನೊಂದು. ಮಳೆಗಾಲದಲ್ಲಿ ನಮ್ಮ ತಿರುವಿನ ರಸ್ತೆಗಳಲ್ಲಿ ಗಂಟೆಗೆ 40 ಕಿಲೋಮೀಟರ್ ಅಂತಲೇ ಲೆಕ್ಕ ಹಾಕಬೇಕು.

ಅದಕ್ಕೆ ಕೇಳಿದವರಿಗೆ ನಾನು ತಿರುಗಿ ಮೂರು ಪ್ರಶ್ನೆ ಕೇಳುತ್ತೇನೆ. ಏನು ಬೇಕು ಅಂತ ಹೊರಟಿದ್ದೀರಿ? ಜೊತೆಗೆ ಯಾರಿದ್ದಾರೆ? ಯಾವ ತಿಂಗಳು? ಊರಿನ ಹೆಸರು ಆಮೇಲೆ. ಯಾಕೆಂದರೆ ಒಬ್ಬರಿಗೆ ನೀರು ಧುಮುಕುವುದನ್ನು ನೋಡಬೇಕು. ಇನ್ನೊಬ್ಬರು ಹರಕೆ ತೀರಿಸಲು ಬರುತ್ತಾರೆ. ಕೆಲವರಿಗೆ ಹಳೆಯ ಕಲ್ಲು, ಶಾಸನ ಅಂದರೆ ಪ್ರಾಣ. ಮಕ್ಕಳಿಗೆ ಆನೆ ಸಿಕ್ಕರೆ ಸಾಕು. ಇವೆಲ್ಲಕ್ಕೂ ಮಲೆನಾಡಿನಲ್ಲಿ ಜಾಗ ಇದೆ. ಆದರೆ ಒಂದೇ ಜಾಗ ಎಲ್ಲರಿಗೂ ಆಗುವುದಿಲ್ಲ, ಒಂದೇ ತಿಂಗಳೂ ಆಗುವುದಿಲ್ಲ.

ನೀರಿಗಾಗಿ ಬರುವವರಿಗೆ

ಇಲ್ಲಿಗೆ ಬರುವ ಹೆಚ್ಚಿನವರ ಕಾರಣ ಇದೇ. ಮೊದಲ ಹೆಸರು ಜೋಗ. ಶರಾವತಿ 253 ಮೀಟರ್ ಆಳಕ್ಕೆ ನಾಲ್ಕು ಕವಲಾಗಿ ಬೀಳುತ್ತಾಳೆ. ರಾಜ, ರೋರರ್, ರಾಕೆಟ್, ರಾಣಿ. ರೋರರ್ ಅರ್ಧದಲ್ಲಿ ರಾಜನ ಜೊತೆ ಸೇರಿಕೊಳ್ಳುತ್ತದೆ. ರಾಕೆಟ್ ಬಂಡೆಯಿಂದ ಚಿಮ್ಮಿ ಬೀಳುತ್ತದೆ, ರಾಣಿ ಬಂಡೆಯ ಮೇಲೆ ಬಳುಕುತ್ತಾ ಇಳಿಯುತ್ತದೆ. ಹೋಗುವ ಮುಂಚೆ ಇಷ್ಟು ಗೊತ್ತಿದ್ದರೆ ಅಲ್ಲಿ ನಿಂತಾಗ ನಾಲ್ಕನ್ನೂ ಬೇರೆ ಬೇರೆ ಗುರುತಿಸಬಹುದು.

ಜೋಗಕ್ಕೆ ಯಾವಾಗ ಹೋಗಬೇಕು ಅನ್ನುವುದು ದೊಡ್ಡ ಪ್ರಶ್ನೆ. ಜಲಪಾತದ ಮೇಲ್ಗಡೆ ಲಿಂಗನಮಕ್ಕಿ ಅಣೆಕಟ್ಟು ಇದೆ. ಅದು 1964ರಲ್ಲಿ ಕಟ್ಟಿದ್ದು. ನದಿಯ ನೀರು ಅಲ್ಲಿ ನಿಂತು ಕರೆಂಟ್ ತಯಾರಿಸಲು ಹೋಗುತ್ತದೆ. ಹಾಗಾಗಿ ಮಾರ್ಚ್, ಏಪ್ರಿಲ್‌ನಲ್ಲಿ ಬಂದರೆ ಕಾಣುವುದು ಬಂಡೆ ಮತ್ತು ಒಂದೆರಡು ಬಿಳಿ ಗೆರೆ. ಜುಲೈ, ಆಗಸ್ಟ್‌ನಲ್ಲಿ ನೀರಿನ ಅಬ್ಬರ ಜಾಸ್ತಿ, ಆದರೆ ಮಂಜು ಮುಚ್ಚಿಕೊಂಡಿರುತ್ತದೆ. ಬಂದು ಐದು ನಿಮಿಷ ನಿಂತು, "ಏನೂ ಕಾಣಲ್ಲ" ಅಂತ ವಾಪಸ್ ಹೋಗುವವರು ಎಷ್ಟೋ ಜನ. ದಯವಿಟ್ಟು ಹಾಗೆ ಮಾಡಬೇಡಿ. ಒಂದು ಟೀ ಕುಡಿದು ಅರ್ಧ ಗಂಟೆ ಕಾಯಿರಿ. ಗಾಳಿ ಒಮ್ಮೆ ಬೀಸಿದರೆ ಪರದೆ ಸರಿದ ಹಾಗೆ ನಾಲ್ಕೂ ಒಟ್ಟಿಗೆ ಎದುರು ನಿಲ್ಲುತ್ತವೆ.

ನನ್ನ ಆಯ್ಕೆ ಸೆಪ್ಟೆಂಬರ್. ನೀರು ಇನ್ನೂ ಇರುತ್ತದೆ, ಮಂಜು ಕಡಿಮೆ, ಹಸಿರು ತುಂಬಿರುತ್ತದೆ, ರಜೆಯ ಜನಸಂದಣಿಯೂ ಕಡಿಮೆ. ಅಣೆಕಟ್ಟು ತುಂಬಿ ಗೇಟು ತೆಗೆದ ವರ್ಷವಂತೂ ಆ ನೋಟವೇ ಬೇರೆ. ಆದರೆ ಆ ಸುದ್ದಿ ಹರಡಿದ ಮೇಲೆ ಬರುವ ಭಾನುವಾರ ಮಾತ್ರ ಬೇಡ. ಸಾಗರದಿಂದ ಜೋಗದವರೆಗೂ ವಾಹನ ನಿಂತಿರುತ್ತದೆ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಜೋಗವನ್ನು ಎರಡು ಕಡೆಯಿಂದ ನೋಡಬಹುದು. ಎಲ್ಲರೂ ಹೋಗುವುದು ಸಾಗರದ ಕಡೆಯ ಮುಖ್ಯ ಆವರಣಕ್ಕೆ. ಹೊಳೆ ದಾಟಿ ಉತ್ತರ ಕನ್ನಡದ ಕಡೆ, ಬ್ರಿಟಿಷ್ ಬಂಗಲೆಯ ಹತ್ತಿರ ಹೋದರೆ ನೀರು ಬೀಳುವ ಅಂಚಿನ ನೋಟ ಸಿಗುತ್ತದೆ. ಮುಂದಿನಿಂದ ಜೋಗದ ಎತ್ತರ ತಿಳಿಯುತ್ತದೆ, ಈ ಕಡೆಯಿಂದ ಆಳ ತಿಳಿಯುತ್ತದೆ. ಕೆಳಗಿನ ಗುಂಡಿಯವರೆಗೆ ಸಾವಿರಕ್ಕೂ ಹೆಚ್ಚು ಮೆಟ್ಟಿಲು ಇವೆ. ಮಳೆಯಲ್ಲಿ ಜಾರುವುದರಿಂದ ಆ ದಾರಿಯನ್ನು ಮುಚ್ಚುತ್ತಾರೆ. ತೆರೆದಿದ್ದಾಗಲೂ ಮಂಡಿ ನೋವಿನವರು ಇಳಿಯುವುದು ಬೇಡ. ಇಳಿದಷ್ಟನ್ನೂ ಹತ್ತಿ ಬರಬೇಕಲ್ವಾ.

ಜೋಗಕ್ಕೆ ಪೂರ್ತಿ ಬೇರೆ ಸ್ವಭಾವದ ನೀರು ಹಿನ್ನೀರಿನದು. ತಾಳಗುಪ್ಪದ ಹತ್ತಿರದ ಹೊನ್ನೇಮರಡು ನೋಡಿ. ಅಲ್ಲಿ ಶಬ್ದವಿಲ್ಲ. ದೂರದವರೆಗೆ ನೀರು, ನಡುವೆ ನಡುಗಡ್ಡೆ. ತೆಪ್ಪ, ಕಯಾಕ್ ನಡೆಸಲು ಹೇಳಿಕೊಡುತ್ತಾರೆ. ಲೈಫ್ ಜಾಕೆಟ್ ಹಾಕಿಕೊಂಡು ನೀರಿನಲ್ಲಿ ತೇಲಬಹುದು. ನೀರನ್ನು ನೋಡಿದರೆ ಸಾಲದು, ಅದರಲ್ಲಿ ಇಳಿಯಬೇಕು ಅನ್ನುವವರಿಗೆ ಜೋಗಕ್ಕಿಂತ ಇದು ಒಳ್ಳೆಯದು. ಮಳೆ ನಿಂತ ಮೇಲೆ, ನವೆಂಬರ್‌ನಿಂದ ಫೆಬ್ರವರಿವರೆಗೆ ಬನ್ನಿ. ಮುಂಚೆ ಫೋನ್ ಮಾಡಿ ಕೇಳಿಕೊಂಡೇ ಬನ್ನಿ.

ಈ ಹಿನ್ನೀರಿನ ದಡದಲ್ಲಿ ನಿಂತು ಫೋಟೋ ತೆಗೆಯುವವರಿಗೆ ಒಂದು ಮಾತು ಹೇಳಬೇಕು. ಆ ನೀರಿನ ಕೆಳಗೆ ಊರುಗಳಿವೆ. ಗದ್ದೆ, ತೋಟ, ದೇವಸ್ಥಾನ, ಶಾಲೆ ಎಲ್ಲ ಬಿಟ್ಟು ಸಾವಿರಾರು ಕುಟುಂಬ ಎದ್ದು ಹೋದವು. ರಾಜ್ಯದ ಮನೆಗಳಲ್ಲಿ ದೀಪ ಉರಿಯಲಿ ಅಂತ ಹೋದ ಆ ಕುಟುಂಬಗಳಲ್ಲಿ ಎಷ್ಟೋ ಮಂದಿ ಇವತ್ತಿಗೂ ಹಕ್ಕುಪತ್ರಕ್ಕೆ ಓಡಾಡುತ್ತಿದ್ದಾರೆ. ಬೇಸಿಗೆಯಲ್ಲಿ ನೀರು ಪೂರ್ತಿ ಇಳಿದ ವರ್ಷ ಲಿಂಗನಮಕ್ಕಿಗಿಂತ ಹಳೆಯದಾದ ಮಡೆನೂರು ಅಣೆಕಟ್ಟು ತಲೆ ಎತ್ತುತ್ತದೆ. ಇಲ್ಲಿಯ ಹಿರಿಯರು ಸಿಕ್ಕರೆ ಮುಳುಗಡೆಯ ಬಗ್ಗೆ ಕೇಳಿ. ಹೇಳುತ್ತಾರೆ. ಆಮೇಲೆ ಆ ನೀರನ್ನು ನೋಡುವ ರೀತಿಯೇ ಬೇರೆಯಾಗುತ್ತದೆ.

ಮೂರನೆಯದು ಸಣ್ಣ ಅಬ್ಬಿಗಳು, ಅಂದರೆ ಕಾಡೊಳಗಿನ ಕಿರು ಜಲಪಾತಗಳು. ಕೊಡಚಾದ್ರಿಯ ಹಿಡ್ಲುಮನೆ, ಆಗುಂಬೆ ಹತ್ತಿರದ ಜೋಗಿಗುಂಡಿ, ಒನಕೆ ಅಬ್ಬಿ. ಇಲ್ಲಿಗೆ ನಡೆದೇ ಹೋಗಬೇಕು. ನಡೆಯುವುದೇ ಇಲ್ಲಿನ ಸುಖ. ಆಗುಂಬೆ ಕಡೆಯ ಬರ್ಕಣದಂಥ ಜಾಗಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು, ಅದಿಲ್ಲದೆ ಹೋಗಬೇಡಿ. ಅಬ್ಬಿಯ ತಲೆಯ ಮೇಲಿನ ಬಂಡೆ ಪಾಚಿ ಕಟ್ಟಿರುತ್ತದೆ. ಮೇಲೆಲ್ಲೋ ಮಳೆ ಬಿದ್ದರೆ ಇಲ್ಲಿ ಬಿಸಿಲಿದ್ದರೂ ನೀರು ಒಮ್ಮೆಗೇ ಏರುತ್ತದೆ. ಪ್ರತಿ ಮಳೆಗಾಲದಲ್ಲೂ ಮಲೆನಾಡಿನ ಯಾವುದಾದರೂ ಹೊಳೆಯಲ್ಲಿ ಯಾರದೋ ಮನೆಯ ಮಗು ಹೋದ ಸುದ್ದಿ ಬರುತ್ತದೆ. ದಡದಲ್ಲಿ ನಿಂತು ನೋಡಿ. ಅಷ್ಟು ಸಾಕು.

ಬೆಟ್ಟ ಹತ್ತುವವರಿಗೆ

ಕೊಡಚಾದ್ರಿ ಮತ್ತು ಕುಂದಾದ್ರಿ. ಈ ಎರಡರಲ್ಲಿ ಯಾವುದು ಅಂತ ಕೇಳುವವರು ಜಾಸ್ತಿ.

ಕೊಡಚಾದ್ರಿ ಹೊಸನಗರ ತಾಲೂಕಿನಲ್ಲಿದೆ. ಎತ್ತರ 1,343 ಮೀಟರ್. ಕೊಲ್ಲೂರಿನಿಂದಲೋ ನಿಟ್ಟೂರಿನ ಕಡೆಯಿಂದಲೋ ಜೀಪು ಸಿಗುತ್ತದೆ. ಆ ಜೀಪಿನ ದಾರಿ ಎಲ್ಲರಿಗೂ ಆಗುವಂಥದ್ದಲ್ಲ. ಬೆನ್ನು ನೋವಿನವರು, ಬಸುರಿಯರು ಖಂಡಿತ ಬೇಡ. ನಿಮ್ಮ ಸ್ವಂತ ಕಾರನ್ನು ಕೆಳಗೇ ಬಿಡಿ. ಜೀಪು ಇಳಿದ ಮೇಲೂ ಶಂಕರಾಚಾರ್ಯರ ಸರ್ವಜ್ಞ ಪೀಠದವರೆಗೆ ಹತ್ತಬೇಕು. ಗಟ್ಟಿ ಕಾಲಿದ್ದವರು ಹಿಡ್ಲುಮನೆ ಅಬ್ಬಿಯ ಕಡೆಯಿಂದ ನಡೆದೇ ಹತ್ತುತ್ತಾರೆ. ಕಾಡು ಮುಗಿದು ಹುಲ್ಲುಗಾವಲು ತೆರೆದುಕೊಳ್ಳುವ ಆ ಗಳಿಗೆಗೆ ಪೂರ್ತಿ ಒಂದು ದಿನ ಕೊಡಬೇಕು. ಬೆಳಿಗ್ಗೆ ಕೊಡಚಾದ್ರಿ, ಮಧ್ಯಾಹ್ನ ಜೋಗ ಅಂತ ಯೋಜನೆ ಹಾಕಿದರೆ ಎರಡೂ ಕೆಡುತ್ತದೆ.

ಕುಂದಾದ್ರಿ ಆಗುಂಬೆಯ ಹತ್ತಿರ. ಕಾರು ಬಹುತೇಕ ತುದಿಯವರೆಗೂ ಹೋಗುತ್ತದೆ, ಆಮೇಲೆ ಸ್ವಲ್ಪ ಮೆಟ್ಟಿಲು. ಮೇಲೆ ಪಾರ್ಶ್ವನಾಥನ ಬಸದಿ, ಬಂಡೆಯ ನಡುವೆ ಕೊಳ. ಆಚಾರ್ಯ ಕುಂದಕುಂದರ ಹೆಸರಿನ ಬೆಟ್ಟ ಇದು, ಜೈನರಿಗೆ ಪವಿತ್ರ ಜಾಗ. ವಯಸ್ಸಾದ ಅಪ್ಪ, ಅಮ್ಮನಿಗೂ ಬೆಟ್ಟದ ಗಾಳಿ, ಸೂರ್ಯೋದಯ ತೋರಿಸಬೇಕು ಅಂದರೆ ಕಣ್ಣು ಮುಚ್ಚಿ ಕುಂದಾದ್ರಿ ಆರಿಸಿ. ಬಸದಿಯ ಎದುರು ಜೋರಾಗಿ ಹಾಡು ಹಾಕಬೇಡಿ, ಅಷ್ಟೇ.

ಆಗುಂಬೆಯದು ಇನ್ನೊಂದು ಕತೆ. ಅಲ್ಲಿಗೆ ಜನ ಎರಡು ಕಾರಣಕ್ಕೆ ಬರುತ್ತಾರೆ, ಮಳೆ ಮತ್ತು ಸೂರ್ಯಾಸ್ತ. ಇವೆರಡೂ ಒಂದೇ ತಿಂಗಳಲ್ಲಿ ಸಿಗುವುದಿಲ್ಲ. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ಗೂ ಮೀರಿ ಮಳೆ ಬೀಳುವ ಊರು ಅದು. ಜುಲೈನಲ್ಲಿ ಬಂದವರಿಗೆ ಸೂರ್ಯನೇ ಕಾಣುವುದಿಲ್ಲ. ಬಂದದ್ದು ಮಳೆಗೆ ಅಂತ ತಿಳಿದುಕೊಂಡರೆ ಆ ದಿನ ಸಾರ್ಥಕ. ಸೂರ್ಯಾಸ್ತವೇ ಬೇಕು ಅಂದರೆ ನವೆಂಬರ್, ಡಿಸೆಂಬರ್, ಜನವರಿ. ಆಕಾಶ ತಿಳಿಯಾಗಿದ್ದ ದಿನ ಅರಬ್ಬೀ ಸಮುದ್ರದ ಅಂಚು ಹೊಳೆಯುತ್ತದೆ. ಘಾಟಿಯ 14 ತಿರುವಿನಲ್ಲಿ ಎಲ್ಲೆಂದರಲ್ಲಿ ಕಾರು ನಿಲ್ಲಿಸಬೇಡಿ, ಮಂಗಗಳಿಗೆ ತಿಂಡಿ ಕೊಡಬೇಡಿ. ಮಳೆಗಾಲದಲ್ಲಿ ಹೊರಡುವ ಮುಂಚೆ ಘಾಟಿ ತೆರೆದಿದೆಯಾ ಅಂತ ಒಮ್ಮೆ ವಿಚಾರಿಸಿ.

ಕಾಳಿಂಗ ಸರ್ಪದ ಕಾಡು ಅಂತ ಆಗುಂಬೆಗೆ ಬರುವವರೂ ಇದ್ದಾರೆ. ರೊಮುಲಸ್ ವಿಟೇಕರ್ 2005ರಲ್ಲಿ ಅಲ್ಲಿ ಮಳೆಕಾಡಿನ ಸಂಶೋಧನಾ ಕೇಂದ್ರ ಶುರು ಮಾಡಿದರು. ಹಾವು ಎದುರು ಬರುತ್ತದೆ ಅನ್ನುವ ಆಸೆಯಿಂದ ಬರಬೇಡಿ. ಕಪ್ಪೆ, ಅಣಬೆ, ಆರ್ಕಿಡ್ ನೋಡಲು ತಾಳ್ಮೆ ಇದ್ದರೆ ಬನ್ನಿ, ಬೇಕಾದಷ್ಟು ಸಿಗುತ್ತದೆ.

ಹಳೆಯ ಕಲ್ಲು, ಹಳೆಯ ಕತೆ

ನನಗೆ ಇದರ ಮೇಲೆ ಪ್ರೀತಿ ಜಾಸ್ತಿ. ಜೋಗಕ್ಕೆ ಹೋಗುವವರು ಸಾಗರದ ಮೇಲೆಯೇ ಹೋಗುತ್ತಾರೆ. ಸಾಗರದಿಂದ ಆರೇಳು ಕಿಲೋಮೀಟರ್ ದೂರದಲ್ಲಿ ಒಂದು ಕಡೆ ಕೆಳದಿ, ಇನ್ನೊಂದು ಕಡೆ ಇಕ್ಕೇರಿ. ನೂರಕ್ಕೆ ಎಷ್ಟು ಜನ ಆ ಕಡೆ ತಿರುಗುತ್ತಾರೋ ಅನ್ನಿಸಿ ಬೇಸರವಾಗುತ್ತದೆ.

ಇಲ್ಲಿ ಎರಡು ದಾರಿಗಳಿವೆ. ಒಂದು ಕೆಳದಿ ನಾಯಕರ ದಾರಿ. ಇನ್ನೊಂದು ಕದಂಬರು, ಚಾಲುಕ್ಯರ ದಾರಿ.

ಕೆಳದಿ ನಾಯಕರ ದಾರಿಯಲ್ಲಿ ಹೋಗುವವರು ಅವರ ರಾಜಧಾನಿ ಬದಲಾದ ಕ್ರಮದಲ್ಲೇ ಹೋದರೆ ಚೆನ್ನ. ಮೊದಲು ಕೆಳದಿ. ರಾಮೇಶ್ವರ ದೇವಸ್ಥಾನದ ಛಾವಣಿಯಲ್ಲಿ ಗಂಡಭೇರುಂಡ ಇದೆ, ತಲೆ ಎತ್ತಿ ನೋಡಿ. ಊರಿನಲ್ಲೇ ಒಂದು ವಸ್ತುಸಂಗ್ರಹಾಲಯ ಇದೆ, ತಾಳೆಗರಿಗಳೂ ಇವೆ. ಆಮೇಲೆ ಇಕ್ಕೇರಿ. ಅಘೋರೇಶ್ವರ ದೇವಸ್ಥಾನ ದೊಡ್ಡದು, ಎತ್ತರದ್ದು, ಎದುರಿಗೆ ನಂದಿ ಮಂಟಪ. ನೆಲದ ಮೇಲೆ ದೇವರಿಗೆ ಅಡ್ಡ ಬಿದ್ದ ನಾಯಕರ ರೂಪಗಳನ್ನು ಕೆತ್ತಿದ್ದಾರೆ. ಭಕ್ತರ ಪಾದ ತಮ್ಮ ಮೇಲೆ ಬೀಳಲಿ ಅನ್ನುವ ಭಾವ ಅದರಲ್ಲಿ ನನಗೆ ಕಾಣುತ್ತದೆ. ಮೂರನೆಯದು ಬಿದನೂರು, ಈಗಿನ ನಗರ. ಶಿವಪ್ಪ ನಾಯಕ ಆಳಿದ್ದು 1645ರಿಂದ 1660ರವರೆಗೆ. ಹೊಲದ ಮಣ್ಣು, ಬೆಳೆ ನೋಡಿ ಕಂದಾಯ ಕಟ್ಟಿದ ಅವನ 'ಶಿಸ್ತು' ನಮ್ಮ ಕಡೆಯ ರೈತರ ಮಾತಿನಲ್ಲಿ ಈಗಲೂ ಬರುತ್ತದೆ. ಔರಂಗಜೇಬನ ಸೇನೆಗೆ ಹೆದರದೆ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟ ಚೆನ್ನಮ್ಮ ಇದೇ ಮನೆತನದವಳು. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದ. ಕೋಟೆಯ ಗೋಡೆ, ಕೊಳ, ಅರಮನೆಯ ಅಡಿಪಾಯ ಉಳಿದಿವೆ.

ಇದೇ ದಾರಿಯಲ್ಲಿ ಕವಲೇದುರ್ಗ ಬರುತ್ತದೆ. ತೀರ್ಥಹಳ್ಳಿಯಿಂದ ಸುಮಾರು 18 ಕಿಲೋಮೀಟರ್. ಗದ್ದೆಯ ಬದುವಿನಿಂದ ಶುರುವಾಗಿ, ಕಲ್ಲು ಹಾಸಿದ ದಾರಿಯಲ್ಲಿ, ಒಂದಾದ ಮೇಲೊಂದು ಬಾಗಿಲು ದಾಟಿ ಹತ್ತಬೇಕು. ಮೇಲೆ ಅರಮನೆಯ ಪಾಯ, ಅಡುಗೆ ಮನೆಯ ಒಲೆ, ಸ್ನಾನದ ಕೊಳ, ಶ್ರೀಕಂಠೇಶ್ವರ ದೇವಸ್ಥಾನ. ಬೆಟ್ಟವೂ ಬೇಕು, ಇತಿಹಾಸವೂ ಬೇಕು, ಆದರೆ ಕೊಡಚಾದ್ರಿಯಷ್ಟು ಕಷ್ಟ ಬೇಡ ಅನ್ನುವವರಿಗೆ ಮಲೆನಾಡಿನಲ್ಲಿ ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಹೈಸ್ಕೂಲು ಮಕ್ಕಳನ್ನು ಕರೆದುಕೊಂಡು ಹೋಗಿ. ಪಾಠದ ಪುಸ್ತಕದಲ್ಲಿ ಎರಡು ಸಾಲಾಗಿ ಓದಿದ್ದನ್ನು ಅವರು ಅಲ್ಲಿ ಕೈಯಿಂದ ಮುಟ್ಟಿ ನೋಡುತ್ತಾರೆ.

ಇನ್ನೊಂದು ದಾರಿ ಶಿಕಾರಿಪುರದ ಕಡೆ. ಅಲ್ಲಿ ಕಾಡಿಲ್ಲ, ಮಂಜಿಲ್ಲ, ಮೆಕ್ಕೆಜೋಳದ ಹೊಲಗಳು. ಹಾಗಾಗಿ ಮಲೆನಾಡು ನೋಡಲು ಬಂದವರು ಬಿಟ್ಟುಬಿಡುತ್ತಾರೆ. ಆದರೆ ಬಳ್ಳಿಗಾವಿ ಒಂದು ಕಾಲದಲ್ಲಿ ಮಠ, ವಿದ್ಯೆ, ವ್ಯಾಪಾರ ಎಲ್ಲ ತುಂಬಿದ್ದ ಪಟ್ಟಣ. ಅಲ್ಲಮಪ್ರಭುವಿನ ಊರು ಅಂತ ಹೆಸರಾದದ್ದು. ಕೇದಾರೇಶ್ವರ, ತ್ರಿಪುರಾಂತಕ ದೇವಸ್ಥಾನಗಳ ಕೆತ್ತನೆ ನಿಧಾನಕ್ಕೆ ನೋಡಬೇಕು. ಊರಿನ ನಡುವೆ ಗಂಡಭೇರುಂಡದ ಕಂಬ ನಿಂತಿದೆ. ಅಕ್ಕಮಹಾದೇವಿಯ ಉಡುತಡಿಯೂ ಇದೇ ತಾಲೂಕು.

ಬಳ್ಳಿಗಾವಿಯ ಹತ್ತಿರದಲ್ಲೇ ತಾಳಗುಂದ. ಪ್ರಣವೇಶ್ವರ ದೇವಸ್ಥಾನದ ಎದುರಿನ ಕಂಬದ ಮೇಲೆ ಕದಂಬರ ಕತೆ ಇದೆ. ಓದಲು ಕಂಚಿಗೆ ಹೋದ ಮಯೂರಶರ್ಮ, ಅಲ್ಲಿ ಪಲ್ಲವರ ಸೈನಿಕರಿಂದ ಅವಮಾನವಾಗಿ, ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದ ಕತೆ. ಇದೇ ಊರಿನ ಉತ್ಖನನದಲ್ಲಿ 2013ರಲ್ಲಿ ಸಿಕ್ಕಿದ ಸಿಂಹಕಟಾಂಜನ ಶಾಸನವನ್ನು ಸುಮಾರು ಕ್ರಿ.ಶ. 370ರದ್ದು ಅಂತ ಪುರಾತತ್ವ ಇಲಾಖೆ ಗುರುತಿಸಿದೆ. ಅಂದರೆ ಹಲ್ಮಿಡಿ ಶಾಸನಕ್ಕಿಂತ ಹಿಂದಿನದು. ಕನ್ನಡ ಓದುವ ನಮಗೆ ಈ ಊರಿಗೆ ಬರಲು ಇದೊಂದೇ ಕಾರಣ ಸಾಕು.

ಎರಡರಲ್ಲಿ ಯಾವುದು? ಓಡಾಡಿ ನೋಡುವ ಆಸೆ ಇದ್ದರೆ ಕೆಳದಿಯ ದಾರಿ. ಕೂತು, ನಿಂತು, ಓದಿ ತಿಳಿಯುವ ಮನಸ್ಸಿದ್ದರೆ ಬಳ್ಳಿಗಾವಿ, ತಾಳಗುಂದ. ಬಳ್ಳಿಗಾವಿ ಕಡೆಗೆ ನವೆಂಬರ್‌ನಿಂದ ಜನವರಿ ಒಳ್ಳೆಯದು. ಬೇಸಿಗೆಯ ಮಧ್ಯಾಹ್ನ ಅಲ್ಲಿ ನೆರಳು ಕಡಿಮೆ.

ದರ್ಶನಕ್ಕೆ ಬರುವವರು

ದೇವರ ವಿಷಯದಲ್ಲಿ ಇದು ಮೇಲು, ಅದು ಕೀಳು ಅನ್ನುವ ಮಾತಿಲ್ಲ. ಬರುವ ಕಾರಣ ಮಾತ್ರ ಬೇರೆ ಬೇರೆ. ಮಗುವಿಗೆ ಅಕ್ಷರಾಭ್ಯಾಸ ಮಾಡಿಸಲು ಶೃಂಗೇರಿ. ಶಾರದೆಯ ದರ್ಶನ, ವಿದ್ಯಾಶಂಕರ ದೇವಸ್ಥಾನದ ಹನ್ನೆರಡು ರಾಶಿ ಕಂಬ, ತುಂಗೆಯ ಮೀನು, ಮಧ್ಯಾಹ್ನದ ಊಟ. ವಯಸ್ಸಾದವರಿಗೂ ಅನುಕೂಲ. ಶೃಂಗೇರಿ ಚಿಕ್ಕಮಗಳೂರು ಜಿಲ್ಲೆಯಲ್ಲಿದ್ದರೂ ಆಗುಂಬೆಯಿಂದ ಬರೀ 30 ಕಿಲೋಮೀಟರ್ ಒಳಗೆ.

ಸಿಗಂದೂರಿಗೆ ಬರುವವರ ಮನಸ್ಸಿನಲ್ಲಿ ಇರುವುದು ರಕ್ಷಣೆ. "ಚೌಡೇಶ್ವರಿ ದೇವಿಯ ರಕ್ಷಣೆ ಇದೆ" ಅನ್ನುವ ಬೋರ್ಡನ್ನು ನೀವು ಎಷ್ಟೋ ಊರಿನ ತೋಟ, ಅಂಗಡಿಗಳ ಮುಂದೆ ನೋಡಿರುತ್ತೀರಿ. ಮೊದಲು ಅಂಬಾರಗೋಡ್ಲಿನಲ್ಲಿ ಲಾಂಚ್‌ಗೆ ಸಾಲು ನಿಲ್ಲಬೇಕಿತ್ತು. 2025ರ ಜುಲೈನಲ್ಲಿ ಹಿನ್ನೀರಿನ ಮೇಲೆ ಎರಡು ಕಿಲೋಮೀಟರ್‌ಗೂ ಉದ್ದದ ಕೇಬಲ್ ಸೇತುವೆ ಶುರುವಾಯಿತು. ಹಿನ್ನೀರಿನ ಆಚೆ ದಡದ ತುಮರಿ ಕಡೆಯ ಜನ ರಾತ್ರಿ ಹೊತ್ತು ಆಸ್ಪತ್ರೆಗೆ ಹೋಗಲು ಪಟ್ಟ ಪಾಡು ಕೊನೆಯಾಯಿತಲ್ಲ, ಅದೇ ನನಗೆ ದೊಡ್ಡ ಸಂತೋಷ. ಯಾತ್ರಿಕರಿಗೂ ಸಮಯ ಉಳಿಯಿತು. ಹಾಗಾಗಿ ಜೋಗ ಮತ್ತು ಸಿಗಂದೂರು ಈಗ ಒಂದೇ ದಿನದಲ್ಲಿ ಆರಾಮಾಗಿ ಆಗುತ್ತದೆ. ಜನವರಿಯ ಸಂಕ್ರಾಂತಿ ಜಾತ್ರೆಯ ಹೊತ್ತಿಗೆ ಮಾತ್ರ ನೂಕುನುಗ್ಗಲು.

ಜಾತ್ರೆಯ ಗದ್ದಲವೇ ಬೇಕು ಅನ್ನುವವರಿಗೆ ತೀರ್ಥಹಳ್ಳಿಯ ಎಳ್ಳಮಾವಾಸ್ಯೆ ಜಾತ್ರೆ, ಮೂರು ವರ್ಷಕ್ಕೊಮ್ಮೆ ಸಾಗರದ ಮಾರಿಕಾಂಬಾ ಜಾತ್ರೆ. ಗದ್ದಲವೇ ಬೇಡ ಅಂದರೆ ತುಂಗೆ, ಭದ್ರೆ ಸೇರುವ ಕೂಡಲಿಗೆ ಹೋಗಿ. ಶಿವಮೊಗ್ಗದಿಂದ ಹತ್ತಿರ. ಹಳೆಯ ದೇವಸ್ಥಾನ, ಎರಡು ಹೊಳೆ, ಕೂರಲು ಮೆಟ್ಟಿಲು. ಹುಂಚದ ಪದ್ಮಾವತಿ ಸನ್ನಿಧಿ, ಪಂಚಕೂಟ ಬಸದಿಗಳು ಭಕ್ತಿಗೂ ಸರಿ, ಶಿಲ್ಪಕ್ಕೂ ಸರಿ.

ಚಿಕ್ಕ ಮಕ್ಕಳಿದ್ದರೆ

ಶಿವಮೊಗ್ಗದ ಸುತ್ತಲೇ ಇರಿ, ದೂರ ಬೇಡ. ಸಕ್ರೆಬೈಲು 14 ಕಿಲೋಮೀಟರ್. ರಾತ್ರಿ ಕಾಡಿನಲ್ಲಿದ್ದ ಆನೆಗಳು ಬೆಳಿಗ್ಗೆ ತುಂಗೆಗೆ ಬರುತ್ತವೆ, ಮಾವುತರು ಸ್ನಾನ ಮಾಡಿಸುತ್ತಾರೆ. ಇದೆಲ್ಲ ನಡೆಯುವುದು ಬೆಳಿಗ್ಗೆ ಮಾತ್ರ. ತಿಂಡಿ ಮುಗಿಸಿ ಹನ್ನೊಂದೂವರೆಗೆ ಹೋದರೆ ಖಾಲಿ ದಡ ಕಾಣುತ್ತದೆ. ತ್ಯಾವರೆಕೊಪ್ಪದ ಹುಲಿ, ಸಿಂಹಧಾಮ 1988ರಿಂದ ಇದೆ, ಸಾಗರ ರಸ್ತೆಯಲ್ಲಿ ಸುಮಾರು 10 ಕಿಲೋಮೀಟರ್. ಎರಡರಲ್ಲಿ ಒಂದೇ ಅಂದರೆ ನಾನು ಸಕ್ರೆಬೈಲು ಅನ್ನುತ್ತೇನೆ. ಮಾವುತ ಮತ್ತು ಆನೆಯ ನಡುವಿನ ಮಾತು, ಸಲುಗೆ ಮಕ್ಕಳಿಗೆ ಬಹಳ ದಿನ ನೆನಪಿರುತ್ತದೆ.

ಮಳೆಗಾಲದಲ್ಲಾದರೆ ತೀರ್ಥಹಳ್ಳಿ ದಾರಿಯ ಮಂಡಗದ್ದೆಯಲ್ಲಿ ಕಾರು ನಿಲ್ಲಿಸಿ. ತುಂಗೆಯ ನಡುವಿನ ಪುಟ್ಟ ನಡುಗಡ್ಡೆಯ ಮರಗಳಲ್ಲಿ ಜುಲೈನಿಂದ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿ ಗೂಡು ಕಟ್ಟಿರುತ್ತವೆ. ರಸ್ತೆ ಬದಿಯ ಗೋಪುರದಿಂದಲೇ ನೋಡಬಹುದು. ಬೇಸಿಗೆಯಲ್ಲಿ ಅಲ್ಲಿ ಏನೂ ಇರುವುದಿಲ್ಲ.

ಕುಪ್ಪಳಿ, ಹೆಗ್ಗೋಡು

ಓದುವ ಅಭ್ಯಾಸ ಇದ್ದವರಿಗೆ ತೀರ್ಥಹಳ್ಳಿ ಹತ್ತಿರದ ಕುಪ್ಪಳಿ. ಕುವೆಂಪು ಬೆಳೆದ ಮನೆ ಈಗ ಕವಿಮನೆ. ಮರದ ಕಂಬಗಳ ತೊಟ್ಟಿ ಮನೆ, ಒಳಗೆ ಬಳಸುತ್ತಿದ್ದ ಪಾತ್ರೆ, ಕೃಷಿಯ ಸಾಮಾನು. ಹಿಂದಿನ ಗುಡ್ಡದ ಮೇಲೆ ಕವಿಶೈಲ. ಅಲ್ಲಿನ ಬಂಡೆಯ ಮೇಲೆ ಕುವೆಂಪು, ಬಿ.ಎಂ.ಶ್ರೀ., ಟಿ.ಎಸ್. ವೆಂಕಣ್ಣಯ್ಯ ಅವರ ಹೆಸರಿನ ಅಕ್ಷರಗಳಿವೆ. 1994ರ ನವೆಂಬರ್‌ನಲ್ಲಿ ತೀರಿಹೋದ ಕುವೆಂಪು ಅವರ ಸಮಾಧಿ ಇರುವುದೂ ಅಲ್ಲೇ. ಮಂತ್ರ ಮಾಂಗಲ್ಯದ ಸರಳ ಮದುವೆಗೂ ಜನ ಕುಪ್ಪಳಿಗೆ ಬರುತ್ತಾರೆ. ಅವರ ಒಂದು ಪುಟವನ್ನೂ ಓದದೆ ಬಂದರೆ ಒಂದು ಹಳೆಯ ದೊಡ್ಡ ಮನೆ ನೋಡಿದಂತೆ ಆಗುತ್ತದೆ. ಓದಿ ಬಂದರೆ ಅಲ್ಲಿನ ಕಾಡು, ಇಬ್ಬನಿ, ಹಕ್ಕಿಯ ಕೂಗು ಎಲ್ಲ ಪರಿಚಯದವು ಅನ್ನಿಸುತ್ತದೆ. ಸಂಜೆಗೆ ಹೋಗಿ, ಕವಿಶೈಲದಲ್ಲಿ ಕೂರಿ.

ಹೆಗ್ಗೋಡು ಸಾಗರದ ಹತ್ತಿರ. ಕೆ.ವಿ. ಸುಬ್ಬಣ್ಣ ಮತ್ತು ಗೆಳೆಯರು 1949ರಲ್ಲಿ ಕಟ್ಟಿದ ನಾಟಕ ಸಂಸ್ಥೆ ನೀನಾಸಂ ಅಲ್ಲಿದೆ. 1991ರಲ್ಲಿ ಸುಬ್ಬಣ್ಣ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಆದರೆ ಇದು ಕಟ್ಟಡ ನೋಡಲು ಹೋಗುವ ಜಾಗ ಅಲ್ಲ. ನಾಟಕ ಇರುವ ದಿನ ತಿಳಿದುಕೊಂಡು ಹೋಗಿ. ಅಡಿಕೆ ತೋಟದಿಂದ ಎದ್ದು ಬಂದ ಊರಿನವರ ಪಕ್ಕ ಕೂತು ನಾಟಕ ನೋಡುವುದೇ ಅಲ್ಲಿನ ವಿಶೇಷ. ಪಕ್ಕದ ಭೀಮನಕೋಣೆಯಲ್ಲಿ ಚರಕ ಸಂಸ್ಥೆಯ ಹೆಣ್ಣುಮಕ್ಕಳು ನೈಸರ್ಗಿಕ ಬಣ್ಣದ ಕೈಮಗ್ಗದ ಬಟ್ಟೆ ಮಾಡುತ್ತಾರೆ. ಸಾಗರ, ಸೊರಬದ ಗುಡಿಗಾರರ ಗಂಧದ ಕೆತ್ತನೆ, ದೀವರ ಹೆಣ್ಣುಮಕ್ಕಳು ಪುಂಡಿ ನಾರಿನ ಕುಂಚದಿಂದ ಬಿಡಿಸುವ ಹಸೆ ಚಿತ್ತಾರ, ಇವನ್ನೂ ಈ ಕಡೆಯೇ ನೋಡಬಹುದು. ಮನೆಗೆ ಏನಾದರೂ ಒಯ್ಯಬೇಕು ಅಂದರೆ ಜೋಗದ ಅಂಗಡಿಯ ಪ್ಲಾಸ್ಟಿಕ್ ಆಟಿಕೆಗಿಂತ ಇಲ್ಲಿಯ ಒಂದು ಬಟ್ಟೆ ಕೊಳ್ಳಿ. ದುಡ್ಡು ಕೆಲಸ ಮಾಡಿದವರ ಕೈಗೆ ಹೋಗುತ್ತದೆ.

ಶಿವಮೊಗ್ಗ ಹತ್ತಿರದ ಮತ್ತೂರಿಗೆ ಸಂಸ್ಕೃತ ಕೇಳಲು ಹೋಗುವವರು ಒಂದು ನೆನಪಿಡಿ. ಅದು ಜನ ಬದುಕುವ ಊರು. ಕಂಡಕಂಡವರ ಮುಂದೆ ಮೊಬೈಲ್ ಹಿಡಿದು "ಸಂಸ್ಕೃತದಲ್ಲಿ ಮಾತಾಡಿ" ಅನ್ನುವುದು ಸರಿಯಲ್ಲ.

ಸುಮ್ನೆ ಇರಲು ಬರುವವರಿಗೆ

ಈಗ ಇಂಥವರು ಜಾಸ್ತಿಯಾಗುತ್ತಿದ್ದಾರೆ. ಏನೂ ನೋಡುವುದು ಬೇಡ, ನಿದ್ದೆ ಮಾಡಬೇಕು, ಬಿಸಿ ಊಟ ಬೇಕು. ಅವರಿಗೆ ತೋಟದ ಮನೆಯ ಹೋಂಸ್ಟೇ. ಪೇಟೆಯ ಲಾಡ್ಜಿನಲ್ಲಿ ಉಳಿದರೆ ಬಸ್ಸು, ಹೋಟೆಲು ಹತ್ತಿರ, ಖರ್ಚು ಕಡಿಮೆ. ದಿನವಿಡೀ ಓಡಾಡುವವರಿಗೆ ಅದೇ ಸರಿ. ಹೋಂಸ್ಟೇಗೆ ದುಡ್ಡು ಕೊಟ್ಟು ಬೆಳಿಗ್ಗೆ ಆರಕ್ಕೆ ಹೊರಟು ರಾತ್ರಿ ಹತ್ತಕ್ಕೆ ಬರುವುದಾದರೆ ದುಡ್ಡು ದಂಡ.

ಯಾವ ಕಾಲಕ್ಕೆ ಬರುತ್ತೀರಿ ಅನ್ನುವುದರ ಮೇಲೆ ಊಟವೂ ಬದಲಾಗುತ್ತದೆ. ಮಳೆಗಾಲದಲ್ಲಿ ಕಳಲೆ, ಪತ್ರೊಡೆ, ಬಿಸಿ ಕಡುಬು. ನವೆಂಬರ್, ಡಿಸೆಂಬರ್‌ನಲ್ಲಿ ಅಡಿಕೆ ಕೊಯ್ಲು. ಅಂಗಳದಲ್ಲಿ ಸುಲಿಯುವವರ ಮಾತು, ಬೇಯಿಸುವ ಹಂಡೆಯ ಹೊಗೆ. ಆಮೇಲೆ ಆಲೆಮನೆ, ಕಬ್ಬಿನ ಹಾಲು, ಜೋನಿ ಬೆಲ್ಲ. ಮಾರ್ಚ್ ಹೊತ್ತಿಗೆ ಅಪ್ಪೆಮಿಡಿ, ಮೇ ತಿಂಗಳಲ್ಲಿ ಹಲಸು. ಮಳೆಗಾಲದಲ್ಲಿ ಕರೆಂಟು, ಫೋನಿನ ಸಿಗ್ನಲ್ ಎರಡೂ ಕೈಕೊಡುತ್ತವೆ. ಆಫೀಸಿನ ಕೆಲಸ ಜೊತೆಗೆ ತರುವವರು ಮೊದಲೇ ಕೇಳಿಕೊಳ್ಳಿ.

ಕಾಡಿನಲ್ಲಿ ನಡೆಯುವವರಿಗೆ ಎರಡು ಎಚ್ಚರಿಕೆ. ಮಳೆಗಾಲದಲ್ಲಿ ಇಂಬಳ (ಜಿಗಣೆ) ಹತ್ತುತ್ತದೆ. ಕಿತ್ತು ಎಳೆಯಬೇಡಿ, ಸ್ವಲ್ಪ ಉಪ್ಪೋ ಸುಣ್ಣವೋ ಹಚ್ಚಿ, ಬಿಡುತ್ತದೆ. ಅದರಿಂದ ಅಪಾಯ ಇಲ್ಲ. ಅಪಾಯ ಇರುವುದು ಡಿಸೆಂಬರ್‌ನಿಂದ ಮೇವರೆಗಿನ ಉಣುಗಿನಿಂದ. ಮಂಗನಕಾಯಿಲೆ ಹರಡುವುದು ಅದರ ಕಡಿತದಿಂದ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಕಾಯಿಲೆ ಇದು. ಆ ತಿಂಗಳುಗಳಲ್ಲಿ ಕಾಡಿಗೆ ಹೋಗುವ ಮುಂಚೆ ಸ್ಥಳೀಯರನ್ನು, ಆರೋಗ್ಯ ಕೇಂದ್ರದವರನ್ನು ವಿಚಾರಿಸಿ. ಮೈ ತುಂಬ ಬಟ್ಟೆ ಹಾಕಿ, ಉಣುಗು ತಡೆಯುವ ಎಣ್ಣೆ ಹಚ್ಚಿಕೊಳ್ಳಿ, ಬಂದ ಕೂಡಲೇ ಬಿಸಿ ನೀರಿನಲ್ಲಿ ಸ್ನಾನ ಮಾಡಿ ಬಟ್ಟೆ ಒಗೆಯಿರಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಸುದ್ದಿ ಮುಟ್ಟಿಸಿ. ವಾಪಸ್ ಹೋದ ಮೇಲೆ ಜ್ವರ ಬಂದರೆ ಮಲೆನಾಡಿನ ಕಾಡಿಗೆ ಹೋಗಿದ್ದೆ ಅಂತ ಡಾಕ್ಟರಿಗೆ ತಪ್ಪದೆ ಹೇಳಿ.

ಜೋಡಿಸುವುದು ಹೇಗೆ

ಅಜ್ಜಿ, ಮೊಮ್ಮಕ್ಕಳು ಎಲ್ಲ ಒಟ್ಟಿಗೆ ಹೊರಟಾಗ ಎಲ್ಲರ ಆಸೆಯೂ ಬೇರೆ. ಆಗ ದಿಕ್ಕು ನೋಡಿ ಜೋಡಿಸಿ. ಸಾಗರದಲ್ಲಿ ಉಳಿದರೆ ಒಂದು ದಿನ ಜೋಗ, ಸಿಗಂದೂರು. ಇನ್ನೊಂದು ದಿನ ಇಕ್ಕೇರಿ, ಕೆಳದಿ, ಹೆಗ್ಗೋಡು. ತೀರ್ಥಹಳ್ಳಿಯಲ್ಲಿ ಉಳಿದರೆ ಒಂದು ದಿನ ಕವಲೇದುರ್ಗ, ಕುಪ್ಪಳಿ. ಇನ್ನೊಂದು ದಿನ ಕುಂದಾದ್ರಿ, ಶೃಂಗೇರಿ, ಸಂಜೆಗೆ ಆಗುಂಬೆ. ಎರಡೂ ಕಡೆಯನ್ನು ಒಂದೇ ಪ್ರವಾಸಕ್ಕೆ ತುರುಕಬೇಡಿ. ಕೊಡಚಾದ್ರಿಗೆ ಅದರದ್ದೇ ದಿನ ಬೇಕು, ಹೆಚ್ಚೆಂದರೆ ಜೊತೆಗೆ ಕೊಲ್ಲೂರು ಅಥವಾ ನಗರ.

ಕಾರಿಲ್ಲದವರು ಸಾಗರದ ಕಡೆ ಆರಿಸಿ. ಬೆಂಗಳೂರು, ಮೈಸೂರಿನಿಂದ ತಾಳಗುಪ್ಪದವರೆಗೆ ರೈಲಿದೆ, ಅಲ್ಲಿಂದ ಜೋಗ ಹತ್ತಿರ. ತೀರ್ಥಹಳ್ಳಿ ಕಡೆ ರೈಲಿಲ್ಲ, ಬಸ್ಸೇ ಗತಿ. ಶಿವಮೊಗ್ಗ ಹತ್ತಿರದ ಸೋಗಾನೆಯ ವಿಮಾನ ನಿಲ್ದಾಣ 2023ರಲ್ಲಿ ಶುರುವಾದ ಮೇಲೆ ದೂರದಿಂದ ಬರುವ ಹಿರಿಯರಿಗೆ ಅನುಕೂಲವಾಗಿದೆ.

ಸೋಮವಾರ, ಮಂಗಳವಾರ ರಜೆ ಹಾಕಲು ಆಗುವುದಾದರೆ ಶನಿವಾರದ ಬದಲು ಭಾನುವಾರ ಮಧ್ಯಾಹ್ನ ಬನ್ನಿ, ಮಂಗಳವಾರ ಹೊರಡಿ. ಜೋಗವೂ ಸಿಗಂದೂರೂ ಅರ್ಧಕ್ಕರ್ಧ ಖಾಲಿ ಇರುತ್ತವೆ. ಮಕ್ಕಳಿಗೆ ತ್ಯಾವರೆಕೊಪ್ಪ ತೋರಿಸುವುದಿದ್ದರೆ ಸೋಮವಾರವೇ ತೋರಿಸಿ, ಮಂಗಳವಾರ ಅಲ್ಲಿ ರಜೆ.